ಅಳತೆ ತೆಗೆಯದೆ ಡೀಪ್ ಕ್ಲೀನಿಂಗ್ ಮಾಡಿಸಿಕೊಳ್ಳಬೇಡಿ

ನನ್ನ ಕೆಳದವಡೆಯಲ್ಲಿ, ಬಲಗಡೆ ಕೊನೆಯಿಂದ ಎರಡನೇ ಹಲ್ಲು ಈಗಿಲ್ಲ. ಹುಳುಕು ಹಿಡಿದು ಹೋಗಿದ್ದಲ್ಲ. ಏಟು ಬಿದ್ದು ಮುರಿದಿದ್ದೂ ಅಲ್ಲ. ವಸಡಿನ ಕಾಯಿಲೆಗೆ ಚಿಕಿತ್ಸೆ ಆಯ್ತು ಅಂತ ನಾನು ಹಾಯಾಗಿದ್ದಾಗಲೇ ಹೋಯಿತು. ನಿಮಗೂ ಯಾರಾದರೂ ಡೀಪ್ ಕ್ಲೀನಿಂಗ್, ಅಂದರೆ ವಸಡಿನ ಒಳಗೆ ಹಲ್ಲಿನ ಬೇರಿನವರೆಗೂ ಕ್ಲೀನ್ ಮಾಡುವುದು, ಬೇಕು ಎಂದಿದ್ದರೆ, ಆ ಕುರ್ಚಿಯಲ್ಲಿ ಒರಗುವ ಮುಂಚೆ ಇದನ್ನು ಓದಿ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹಲ್ಲುಜ್ಜುವಾಗ ರಕ್ತ ಬರಲು ಶುರುವಾಗಿ ಎರಡು ವರ್ಷವಾಗಿತ್ತು. ಬ್ರಶ್ ಗಡುಸಾಯಿತೇನೋ ಅಂತ ಮೆತ್ತನೆಯದು ತಂದೆ. ರಕ್ತ ಬರುವ ಜಾಗದಲ್ಲಿ ಉಜ್ಜುವುದನ್ನೇ ಕಡಿಮೆ ಮಾಡಿದೆ. ಉಜ್ಜದೆ ಬಿಟ್ಟಷ್ಟೂ ಅಲ್ಲಿ ಕೊಳೆ ಕೂತು ರಕ್ತ ಜಾಸ್ತಿಯಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ನೋವಂತೂ ಇರಲಿಲ್ಲ. ಈ ಕಾಯಿಲೆ ಹಲ್ಲುನೋವಿನ ಹಾಗೆ ನಡುರಾತ್ರಿ ಎಬ್ಬಿಸಿ ಕೂರಿಸುವುದಿಲ್ಲ, ಸುಮ್ನೆ ಒಳಗೊಳಗೇ ಕೆಲಸ ಮಾಡುತ್ತದೆ. ಬಾಯಿ ವಾಸನೆ ಬರುತ್ತಿದೆ ಅಂತ ಮನೆಯವರೇ ಹೇಳಿದ ಮೇಲೆ ಡಾಕ್ಟರ ಹತ್ತಿರ ಹೋದೆ.

ಅಲ್ಲಿ ಡಾಕ್ಟರ್ ಸಣ್ಣ ಕನ್ನಡಿ ಹಿಡಿದು ಬಾಯೊಳಗೆ ಒಂದು ಸುತ್ತು ನೋಡಿದರು. "ವಸಡು ಊದಿಕೊಂಡಿದೆ, ಡೀಪ್ ಕ್ಲೀನಿಂಗ್ ಬೇಕಾಗುತ್ತೆ. ಈಗಲೇ ಮಾಡಿಬಿಡೋಣ್ವಾ?" ಎಂದರು. ಎಕ್ಸ್‌ರೇ ತೆಗೆಯಲಿಲ್ಲ. ವಸಡಿನ ಸಂದಿಗೆ ಅಳತೆಕಡ್ಡಿ ಇಳಿಸಲಿಲ್ಲ. ಸಕ್ಕರೆ ಕಾಯಿಲೆ ಇದೆಯಾ, ಸಿಗರೇಟು ಸೇದುತ್ತೀರಾ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ತೀರಾ ಅಂತ ಒಂದು ಮಾತು ಕೇಳಲಿಲ್ಲ. ಇಂಜೆಕ್ಷನ್ ಬೇಡ ಎಂದಾಗ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ನೀರು ಚಿಮ್ಮಿಸುತ್ತಾ ಗುಂಯ್‌ಗುಡುವ ಯಂತ್ರ ಮೇಲಿನ ಸಾಲು, ಕೆಳಗಿನ ಸಾಲು ಎಲ್ಲ ಸುತ್ತಿ ಬಂತು. ಕೊನೆಗೆ ಪಾಲಿಶ್. ಒಟ್ಟು ಅರ್ಧ ಗಂಟೆ. ಬಿಲ್ಲಿನಲ್ಲಿ ಮಾತ್ರ ಡೀಪ್ ಕ್ಲೀನಿಂಗ್ ಅಂತಲೇ ಇತ್ತು. ಮತ್ತೆ ಯಾವಾಗ ಬರಲಿ ಎಂದು ಕೇಳಿದರೆ, "ಒಂದು ವರ್ಷ ಬಿಟ್ಟು ಬನ್ನಿ, ಸಾಕು" ಎಂದರು.

ಹದಿನೈದು ದಿನದಲ್ಲಿ ರಕ್ತ ನಿಂತೇ ಹೋಯಿತು. ಕೆಂಪಗೆ ಉಬ್ಬಿದ್ದ ವಸಡು ತಿಳಿ ಬಣ್ಣಕ್ಕೆ ತಿರುಗಿ ಹಲ್ಲಿಗೆ ಬಿಗಿಯಾಗಿ ಕೂತಿತು. ವಾಸನೆಯೂ ಇಲ್ಲ. ಪರಿಚಯದ ಮೂರು ಜನಕ್ಕೆ ಆ ಡಾಕ್ಟರನ್ನೇ ಹೊಗಳಿ ಕಳಿಸಿದೆ. (ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಮಾತು ವಾಪಸ್ ತಗೊಂಡಿದ್ದೇನೆ.)

ನಾಲ್ಕನೇ ತಿಂಗಳು ಒಂದು ಬೆಳಗ್ಗೆ ಎದ್ದಾಗ ಆ ಹಲ್ಲು ಎತ್ತರವಾದ ಹಾಗೆ ಅನ್ನಿಸಿತು. ಬಾಯಿ ಮುಚ್ಚಿದರೆ ಅದೊಂದೇ ಮೊದಲು ತಾಗುತ್ತಿತ್ತು. ಸಂಜೆಯ ಹೊತ್ತಿಗೆ ಪಕ್ಕದ ವಸಡು ಗೋಲಿಯ ಹಾಗೆ ಉಬ್ಬಿತು. ಬೆರಳಿಟ್ಟು ಒತ್ತಿದರೆ ಕೀವು. ಬಾಯಲ್ಲಿ ಬಂದ ಆ ರುಚಿ ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ.

ಈ ಸಲ ವಸಡಿನ ತಜ್ಞರನ್ನೇ, ಅಂದರೆ ಪೆರಿಯೊಡಾಂಟಿಸ್ಟ್ ಒಬ್ಬರನ್ನು, ಹುಡುಕಿಕೊಂಡು ಹೋದೆ. ಅವರು ಕೀವು ತೆಗೆದು, ಊತ ಇಳಿದ ಮೇಲೆ ಮತ್ತೆ ಕರೆಸಿದರು. ಎಕ್ಸ್‌ರೇ ತೆಗೆಸಿದರು. ಆಮೇಲೆ ತುದಿಯಲ್ಲಿ ಮಿಲಿಮೀಟರ್ ಗೆರೆಗಳಿರುವ ತೆಳ್ಳನೆ ಕಡ್ಡಿಯೊಂದನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸುತ್ತಾ ಹೋದರು. ಒಂದೊಂದು ಹಲ್ಲಿಗೂ ಆರು ಕಡೆ. ಅವರು ಅಂಕಿ ಹೇಳುವುದು, ಸಹಾಯಕಿ ಬರೆದುಕೊಳ್ಳುವುದು. "3, 2, 3. 4, 3, 5." ಲಾಟರಿ ನಂಬರ್ ಕೂಗುತ್ತಿರುವ ಹಾಗೆ ಕೇಳುತ್ತಾ ಮಲಗಿದ್ದೆ. ಆ ಹಲ್ಲಿಗೆ ಬಂದಾಗ ಒಂದು ಗಳಿಗೆ ಸುಮ್ಮನಾಗಿ "9" ಎಂದರು.

ವಸಡು ಚೆನ್ನಾಗಿದ್ದರೆ ಆ ಸಂದಿಯ ಆಳ 1ರಿಂದ 3 ಮಿಲಿಮೀಟರ್ ಇರುತ್ತದೆ. 4 ಅಂದರೆ ಗಮನ ಕೊಡಬೇಕು. 5 ದಾಟಿದ ಮೇಲೆ ನೀವು ಎಷ್ಟೇ ಚೆನ್ನಾಗಿ ಉಜ್ಜಿ, ಫ್ಲಾಸ್ ದಾರ ಎಳೆಯಿರಿ, ಅದರ ತಳ ಮುಟ್ಟುವುದಿಲ್ಲ. ಇದಕ್ಕೇ ಅವರು ಪಾಕೆಟ್ ಅನ್ನುವುದು. ಮೆತ್ತನೆಯ ಕೊಳೆ ಎಂಜಲಿನ ಖನಿಜ ಸೇರಿ ಗಟ್ಟಿಯಾದರೆ ಟಾರ್ಟರ್. ಅದು ಪಾಕೆಟ್‌ನ ಒಳಗೆ ಬೇರಿಗೆ ಕಚ್ಚಿಕೊಂಡು ಕೂರುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆ ಉರಿಯೂತಕ್ಕೆ ಹಲ್ಲು ಹಿಡಿದಿರುವ ಮೂಳೆ ನಿಧಾನಕ್ಕೆ ಕರಗುತ್ತದೆ. ವಸಡು ಬರೀ ಊದಿದ್ದರೆ ಪೂರ್ತಿ ವಾಸಿ ಮಾಡಬಹುದು. ಮೂಳೆ ಹೋದರೆ ಬರೀ ಕ್ಲೀನಿಂಗ್‌ನಿಂದ ಅದು ಮೊದಲಿನ ಹಾಗೆ ವಾಪಸ್ ಬರುವುದಿಲ್ಲ.

ನನಗೆ ಆಗಿದ್ದು ಏನು ಅಂದರೆ, ಯಂತ್ರ ಮೇಲ್ಮೇಲಿನ ಟಾರ್ಟರ್ ತೆಗೆದಿತ್ತು. ತಳದಲ್ಲಿದ್ದದ್ದು ಹಾಗೇ ಉಳಿದಿತ್ತು. ಮೇಲೆ ಚೊಕ್ಕಟವಾಗಿದ್ದರಿಂದ ವಸಡು ಬಿಗಿಯಿತು, ಚೀಲದೊಳಗೆ ಕಸ ಬಿಟ್ಟು ಬಾಯಿ ಕಟ್ಟಿದ ಹಾಗೆ. ಕೀವಿಗೆ ಹೊರಗೆ ಬರಲು ದಾರಿಯೇ ಇಲ್ಲ. ರಕ್ತ ನಿಂತಿತು ಅಂತ ನಾನು ಕುಣಿದಾಡಿದ್ದೇ ಆ ದಿನಗಳಲ್ಲಿ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಸರಿಯಾಗಿ ಮಾಡಿದರೂ ಅಪರೂಪಕ್ಕೆ ಹೀಗೆ ಕೀವಾಗಬಹುದಂತೆ. "ಇಷ್ಟು ಮೂಳೆ ನಾಲ್ಕು ತಿಂಗಳಲ್ಲಿ ಹೋಗಿದ್ದಲ್ಲ, ವರ್ಷಗಳಿಂದ ಕರಗಿದ್ದು. ಆದರೆ ಅವತ್ತೇ ಅಳೆದಿದ್ದರೆ ಉಳಿಸೋಕೆ ಒಂದು ಪ್ರಯತ್ನನಾದ್ರೂ ಮಾಡಬಹುದಿತ್ತು" ಎಂದರು ಆ ಪೆರಿಯೊಡಾಂಟಿಸ್ಟ್ ಮೇಡಂ. ಹಲ್ಲು ಅಷ್ಟರಲ್ಲಿ ನಾಲಿಗೆ ತಳ್ಳಿದರೂ ಅಲ್ಲಾಡುತ್ತಿತ್ತು. ಐದನೇ ತಿಂಗಳಲ್ಲಿ ತೆಗೆಸಿದೆ.

ಉಳಿದ ಹಲ್ಲುಗಳಿಗೆ ನಿಜವಾದ ಡೀಪ್ ಕ್ಲೀನಿಂಗ್ ಆಯಿತು. ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್ ಅನ್ನುತ್ತಾರೆ. ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ ಒಂದು ದಿನ ಬಲಗಡೆ, ವಾರ ಬಿಟ್ಟು ಎಡಗಡೆ. ಪ್ರತಿ ಸಲ ಒಂದು ಗಂಟೆಗೂ ಜಾಸ್ತಿ. ಯಂತ್ರ ಆದ ಮೇಲೆ ಕೊಕ್ಕೆಯಂಥ ಸಣ್ಣ ಸಲಕರಣೆಗಳಿಂದ ಬೇರನ್ನು ಕೈಯಲ್ಲೇ ಕೆರೆದರು. ನೋವಿಲ್ಲ, ಆದರೆ ಆ ಕರಕರ ಸದ್ದು ತಲೆಬುರುಡೆಯೊಳಗೇ ಕೇಳುತ್ತದೆ. ಮೊದಲ ಸಲ ಮಾಡಿಸಿಕೊಂಡದ್ದಕ್ಕೂ ಇದಕ್ಕೂ ಇದ್ದ ಸಂಬಂಧ ಹೆಸರೊಂದೇ.

ಆಮೇಲೆ ಕೆಲವು ವಾರ ತಣ್ಣೀರು ಕುಡಿದರೆ ಹಲ್ಲು ಜುಂ ಅನ್ನುತ್ತಿತ್ತು. ಊತ ಇಳಿದು ವಸಡು ಹಿಂದೆ ಸರಿದಿದ್ದರಿಂದ ಹಲ್ಲುಗಳ ನಡುವೆ ಸಂದಿ ಕಾಣಿಸತೊಡಗಿತು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ ಅಂತ ಜನ ಹೇಳುವುದು ಇದನ್ನು ನೋಡಿಯೇ ಇರಬೇಕು. ಆ ಸಂದಿ ಮೊದಲೇ ಇತ್ತು. ಟಾರ್ಟರ್ ಮತ್ತು ಊದಿದ ವಸಡು ಅದನ್ನು ತುಂಬಿಕೊಂಡಿದ್ದವು, ಅಷ್ಟೇ. ಹಾಗಾಗಿ ಇದನ್ನು ಓದಿ ಕ್ಲೀನಿಂಗೇ ಬೇಡ ಅಂತ ಮನೆಯಲ್ಲಿ ಕೂತರೆ ನಾನು ಬರೆದದ್ದು ದಂಡ.

ಕೇಳಬೇಕಾದ್ದು ಇಷ್ಟೇ: "ನನ್ನ ಪಾಕೆಟ್ ಅಳತೆ ಎಷ್ಟಿದೆ, ಹಾಳೆ ತೋರಿಸಿ." ಯಾವ ಹಲ್ಲಿಗೆ ಎಷ್ಟು ಅಂತ ತೋರಿಸದೆ ಡೀಪ್ ಕ್ಲೀನಿಂಗ್ ಎಂದರೆ ಎದ್ದು ಬನ್ನಿ. ನಿಮ್ಮದೆಲ್ಲ 2, 3 ಇದ್ದರೆ ಮಾಮೂಲಿ ಕ್ಲೀನಿಂಗ್ ಸಾಕು. ಆಳವೇ ಇಲ್ಲದ ಕಡೆ ಬೇರು ಕೆರೆದರೆ ವಸಡಿನ ಹಿಡಿತ ಸ್ವಲ್ಪ ಸಡಿಲವಾಗುವುದೂ ಉಂಟು, ಅಂದರೆ ದುಡ್ಡು ಕೊಟ್ಟು ನಷ್ಟ. ಮೂಳೆ ಎಲ್ಲಿದೆ ಅಂತ ಎಕ್ಸ್‌ರೇಯಲ್ಲಿ ತೋರಿಸಲು ಹೇಳಿ. ಆಳದ ಪಾಕೆಟ್ ಇದ್ದೂ, ಮರಗಟ್ಟಿಸದೆ ಅರ್ಧ ಗಂಟೆಯಲ್ಲಿ ಇಡೀ ಬಾಯಿ ಮುಗಿಸುತ್ತೇವೆ ಎಂದರೆ ಅನುಮಾನ ಪಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮತ್ತೆ ಅಳೆಯುವ ದಿನ ಯಾವುದು ಅಂತ ಅಲ್ಲೇ ಬರೆಸಿಕೊಳ್ಳಿ. ಸಾಮಾನ್ಯವಾಗಿ ಒಂದೂವರೆ, ಎರಡು ತಿಂಗಳ ಹೊತ್ತಿಗೆ ಅಳೆಯುತ್ತಾರೆ. ಆಮೇಲೂ ಮೂರ್ನಾಲ್ಕು ತಿಂಗಳಿಗೊಮ್ಮೆ ಹೋಗುತ್ತಲೇ ಇರಬೇಕು. ಸಿಗರೇಟು ಸೇದುವವರು ರಕ್ತ ಬರುತ್ತಿಲ್ಲ ಅಂತ ಧೈರ್ಯವಾಗಿರಬೇಡಿ, ಸಿಗರೇಟು ಆ ರಕ್ತವನ್ನೇ ಅಡಗಿಸುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಟ್ಟರೆ ಎಷ್ಟು ದಿನ ಅಂತ ಕೇಳಿ. ನಾನು ಬಾಟಲಿ ಖಾಲಿಯಾದ ಮೇಲೂ ಸ್ವಂತ ಬುದ್ಧಿ ಓಡಿಸಿ ಇನ್ನೊಂದು ತಂದು ಹಲ್ಲಿಗೆ ಕಂದು ಬಣ್ಣ ಹಿಡಿಸಿಕೊಂಡೆ.

ಏಳನೇ ವಾರ ನನ್ನದು ಮತ್ತೆ ಅಳೆದರು. 5 ಇದ್ದವು ಬಹುಪಾಲು 3ಕ್ಕೆ, 4ಕ್ಕೆ ಇಳಿದಿವೆ. ಎರಡೂ ಹಾಳೆಯ ಫೋಟೊ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಮೇಲಿನ ಎಡಗಡೆ, ಹಿಂದಿನ ಹಲ್ಲಿಗೆ ಒಂದು ಕಡೆ ಮಾತ್ರ 6 ಹಾಗೇ ಇದೆ. ಮುಂದಿನ ತಿಂಗಳು ನೋಡಿ, ಆಗಲೂ ಇಳಿಯದಿದ್ದರೆ ವಸಡು ಬಿಡಿಸಿ ಒಳಗಿಂದ ಕ್ಲೀನ್ ಮಾಡಿ ಹೊಲಿಗೆ ಹಾಕಬೇಕು ಎಂದಿದ್ದಾರೆ.