ಆಟೋಮ್ಯಾಟಿಕ್ ಕಾರು ಜರ್ಕ್ ಹೊಡೆಯುತ್ತಿದೆಯೇ? ಗೇರ್ ಆಯಿಲ್‌ಗೆ ಕೈ ಹಾಕಿಸುವ ಮೊದಲು ಓದಿ

ಆಟೋಮ್ಯಾಟಿಕ್ ಕಾರಿನಲ್ಲಿ ಗೇರ್ ಬದಲಾಗುವಾಗ ಜರ್ಕ್ ಹೊಡೆಯತೊಡಗಿದರೆ, ಸ್ಕ್ಯಾನರ್ ಜೋಡಿಸಿ ನೋಡುವವರೆಗೆ ಮತ್ತು ಗೇರ್ ಆಯಿಲ್‌ನ ಮಟ್ಟವನ್ನು ಸರಿಯಾಗಿ ಪರೀಕ್ಷಿಸುವವರೆಗೆ ಯಾವ ಗ್ಯಾರೇಜಿನವರಿಗೂ ಗೇರ್‌ಬಾಕ್ಸನ್ನು ಬಿಚ್ಚಲು ಬಿಡಬೇಡಿ. ನಮ್ಮ ಮನೆಯ ಕಾರಿನಲ್ಲಿ ಸಣ್ಣ ಸೋರಿಕೆಯೊಂದರಿಂದ ಶುರುವಾದ ತೊಂದರೆ, ಪರೀಕ್ಷೆಯನ್ನೇ ಮಾಡದೆ ರಿಪೇರಿಗೆ ಇಳಿದವರಿಂದಾಗಿ ಗೇರ್‌ಬಾಕ್ಸನ್ನೇ ಇಳಿಸುವ ಮಾತಿನವರೆಗೆ ಹೋಯಿತು. ಮನೆಮಂದಿಯೆಲ್ಲ ಕೂರುವ ಗಾಡಿಯ ವಿಷಯವಾದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಟಾರ್ಕ್ ಕನ್ವರ್ಟರ್ (ಇಂಜಿನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಆರು ಗೇರಿನ ಕಾರು. ಪಾರ್ಕ್‌ನಿಂದ ರಿವರ್ಸ್‌ಗೆ ಹಾಕಿದರೆ ಒಂದು ಕ್ಷಣ ಏನೂ ಆಗದೆ, ಆಮೇಲೆ ಇಡೀ ಗಾಡಿ ‘ದಡ್’ ಎಂದು ಅಲುಗುತ್ತಿತ್ತು. ಎರಡನೇ ಗೇರಿನಿಂದ ಮೂರಕ್ಕೆ ಏರುವಾಗ ಹಿಂದಿನ ಸೀಟಿನಲ್ಲಿದ್ದ ಅಮ್ಮ ಮುಂದಿನ ಸೀಟನ್ನು ಹಿಡಿದುಕೊಳ್ಳುವಷ್ಟು ಜರ್ಕ್ ಇರುತ್ತಿತ್ತು. ತಿರುವುಗಳಲ್ಲಿ ಇದು ಹೆಚ್ಚು ಎಂದು ನಾನು ಗ್ಯಾರೇಜಿನಲ್ಲಿ ಸ್ಪಷ್ಟವಾಗಿ ಹೇಳಿದ್ದೆ. ಆಯಿಲ್ ಕಡಿಮೆಯಾದಾಗ ತಿರುವಿನಲ್ಲಿ ಅದು ಗೇರ್‌ಬಾಕ್ಸಿನ ತಳದ ತಟ್ಟೆಯಾದ ಪ್ಯಾನ್‌ನ ಒಂದು ಬದಿಗೆ ಸರಿದು, ಪಂಪ್ ಆಯಿಲ್ ಜೊತೆಗೆ ಗಾಳಿಯನ್ನೂ ಎಳೆದುಕೊಳ್ಳುವುದರಿಂದ, ಈ ಒಂದು ಮಾತೇ ಅವರಿಗೆ ಸಾಕಾಗಬೇಕಿತ್ತು.

ಅವರು ಸ್ವಲ್ಪ ದೂರ ಓಡಿಸಿ ನೋಡಿ, ಆಯಿಲ್ ಹಾಳಾಗಿದೆ, ಫ್ಲಶ್ ಮಾಡಿದರೆ ಸರಿಹೋಗುತ್ತದೆ ಎಂದರು. ಸ್ಕ್ಯಾನರ್ ಹೊರಗೇ ಬರಲಿಲ್ಲ. ಎಲ್ಲ ಗಾಡಿಗೂ ಆಗುತ್ತದೆ ಎಂದು ಹೇಳಿ ಡ್ರಮ್ಮಿನಲ್ಲಿದ್ದ ಆಯಿಲ್ ತುಂಬಿದರು. ಬಿಲ್ಲಿನಲ್ಲಿ ಅದರ ಹೆಸರೂ ಇರಲಿಲ್ಲ, ದರ್ಜೆಯೂ ಇರಲಿಲ್ಲ. ಕೆಲವು ದಿನ ಸ್ವಲ್ಪ ಮೃದುವಾದಂತೆ ಕಂಡಿತು. ಆಮೇಲೆ ಹೊಸದೊಂದು ತೊಂದರೆ ಸೇರಿಕೊಂಡಿತು: ಮೇಲಿನ ಗೇರಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದರೂ ಗಾಡಿ ಸಾಲು ಉಬ್ಬುಗಳ ಮೇಲೆ ಓಡಿದಂತೆ ಗಡಗಡ ನಡುಗುತ್ತಿತ್ತು. ಮತ್ತೆ ಅಲ್ಲಿಗೇ ಒಯ್ದಾಗ, ಗೇರ್‌ಬಾಕ್ಸ್ ಹೋಗಿದೆ, ಇಳಿಸಿ ಓವರ್‌ಹಾಲ್ ಮಾಡಬೇಕು ಎಂಬ ಉತ್ತರ ಬಂತು. ತಾವು ಹಾಕಿದ ಆಯಿಲ್ ಬಗ್ಗೆ ಒಂದು ಮಾತೂ ಇಲ್ಲ. ನಾನು ಒಪ್ಪದೆ, ಗೇರ್‌ಬಾಕ್ಸ್ ಕೆಲಸವನ್ನಷ್ಟೇ ಮಾಡುವ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಗಾಡಿ ಕಳಿಸಿದೆ.

ಅವರ ಕೆಲಸದ ಕ್ರಮವೇ ಬೇರೆ. ಮೊದಲು ಸ್ಕ್ಯಾನರ್ ಜೋಡಿಸಿದರು. ಅಗ್ಗದ ರೀಡರ್‌ಗಳು ಪಿ0700 ಎಂಬ ಕೋಡನ್ನು ಮಾತ್ರ ತೋರಿಸುವುದುಂಟು. ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದೋಷ ದಾಖಲಾಗಿದೆ ಎಂಬುದಷ್ಟೇ ಅದರ ಅರ್ಥವಾದ್ದರಿಂದ, ಆ ಕಂಪ್ಯೂಟರನ್ನೇ ಓದಬಲ್ಲ ಸ್ಕ್ಯಾನರ್ ಬೇಕು. ಆಮೇಲೆ ಗಾಡಿಯನ್ನು ಸಮತಟ್ಟಾಗಿ ಎತ್ತಿ, ಇಂಜಿನ್ ಓಡುತ್ತಿರುವಾಗಲೇ, ಆಯಿಲ್ ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಲೆವೆಲ್ ಪ್ಲಗ್ ಬಿಚ್ಚಿದರು. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸ್‌ಗಳಲ್ಲಿ ಮಟ್ಟ ನೋಡುವುದು ಸಾಮಾನ್ಯವಾಗಿ ಹೀಗೆಯೇ. ನಿಖರವಾದ ಉಷ್ಣತೆ ಆಯಾ ಮಾದರಿಯ ಪುಸ್ತಕದಲ್ಲಿರುತ್ತದೆ. ಮಟ್ಟ ಸರಿಯಿದ್ದರೆ ಆ ತೂತಿನಿಂದ ಆಯಿಲ್ ತೆಳ್ಳಗೆ ಹನಿಯಬೇಕು. ನಮ್ಮದರಲ್ಲಿ ಒಂದು ಹನಿಯೂ ಬರಲಿಲ್ಲ. ಟಾರ್ಚ್ ಹಿಡಿದು ಹುಡುಕಿದಾಗ ಬಲಗಡೆಯ ಆಕ್ಸಲ್ ಸೀಲಿನ ಸುತ್ತ ಧೂಳು ಮೆತ್ತಿಕೊಂಡ ಒದ್ದೆ ಕಲೆ ಕಂಡಿತು. ಪ್ಯಾನ್ ಬಿಚ್ಚಿದಾಗ ಒಳಗಿನ ಅಯಸ್ಕಾಂತದ ಮೇಲೆ ನುಣುಪಾದ ಬೂದು ಬಣ್ಣದ ಮಡ್ಡಿ ಮಾತ್ರ ಇತ್ತು. ಅಷ್ಟು ಸವೆತ ಸಹಜ. ಲೋಹದ ಚೂರುಗಳಾಗಲಿ, ಆಯಿಲ್‌ಗೆ ಸುಟ್ಟ ವಾಸನೆಯಾಗಲಿ ಇರಲಿಲ್ಲ.

ಗಡಗಡ ನಡುಕಕ್ಕೆ ಅವರು ಮಾಡಿದ ಸರಳ ಪರೀಕ್ಷೆಯನ್ನು ಎಲ್ಲರೂ ತಿಳಿದಿರಬೇಕು. ಹಿಂದೆ ವಾಹನಗಳಿಲ್ಲದ ಖಾಲಿ ರಸ್ತೆಯಲ್ಲಿ ನಡುಕ ಬಂದಾಗ, ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಪೆಡಲ್ ಮುಟ್ಟಿದರೆ ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ ಕ್ಲಚ್ (ಒಂದೇ ವೇಗದಲ್ಲಿ ಹೋಗುವಾಗ ಇಂಜಿನನ್ನು ಗೇರ್‌ಬಾಕ್ಸಿಗೆ ನೇರವಾಗಿ ಜೋಡಿಸುವ ಕ್ಲಚ್) ಬಿಡುತ್ತದೆ. ಆಗ ನಡುಕ ನಿಂತರೆ ದೋಷ ಆ ಕ್ಲಚ್ಚಿನದು ಅಥವಾ ಆಯಿಲಿನದು. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್‌ಗಳನ್ನು ಮೊದಲು ನೋಡಬೇಕು. ರಿವರ್ಸ್‌ಗೆ ಹಾಕಿದಾಗ ‘ದಡ್’ ಎನ್ನಲು ಹರಿದ ಇಂಜಿನ್ ಮೌಂಟ್ (ಇಂಜಿನನ್ನು ಹಿಡಿದಿಡುವ ರಬ್ಬರ್ ಆಸರೆ) ಕೂಡ ಕಾರಣವಿರಬಹುದು. ಗೇರ್‌ಬಾಕ್ಸಿಗೆ ಸಂಬಂಧವೇ ಇಲ್ಲದ ಇಂಥ ದೋಷಗಳಿಗೆ ಓವರ್‌ಹಾಲ್ ಬಿಲ್ ಕಟ್ಟುವುದು ನಿಜಕ್ಕೂ ಅನ್ಯಾಯ.

ಆಯಿಲ್ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಅದು ಜಾರಿಕೆ ಕೊಟ್ಟು ಶಾಖ ಹೀರುವುದಲ್ಲದೆ, ತನ್ನ ಒತ್ತಡದಿಂದಲೇ ಕ್ಲಚ್ ಪ್ಲೇಟುಗಳನ್ನು ಹಿಡಿಸುತ್ತದೆ. ಆ ಹಿಡಿತ ಎಷ್ಟು ಮೃದುವಾಗಿರಬೇಕು ಎಂಬುದನ್ನು ಅದರಲ್ಲಿ ಬೆರೆಸಿದ ರಾಸಾಯನಿಕಗಳು ನಿರ್ಧರಿಸುತ್ತವೆ. ಗೇರುಗಳ ಬದಲು ಬೆಲ್ಟ್ ಮತ್ತು ಪುಲ್ಲಿ ಇರುವ ಸಿವಿಟಿ ಗೇರ್‌ಬಾಕ್ಸಿಗೆ ಬೇರೆಯದೇ ಆಯಿಲ್ ಬೇಕು. ಅದಕ್ಕೆ ಸಾಮಾನ್ಯ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಹಾಕಿದರೆ ಬೆಲ್ಟ್ ಮತ್ತು ಪುಲ್ಲಿ ಎರಡೂ ಹಾಳಾಗಬಹುದು. ಮ್ಯಾನುವಲ್ ಗೇರ್‌ಬಾಕ್ಸಿನ ಕ್ಲಚ್, ಗೇರುಗಳನ್ನು ಯಂತ್ರವೇ ನಿಭಾಯಿಸುವ ಎಎಂಟಿ ಕಾರುಗಳಲ್ಲಿ ಗೇರ್ ಬದಲಾಗುವಾಗ ತಲೆ ತುಸು ಮುಂದಕ್ಕೆ ವಾಲುವುದು ಅದರ ಒಂಟಿ ಕ್ಲಚ್ಚಿನ ಸ್ವಭಾವ, ದೋಷವಲ್ಲ. ಇನ್ನು ‘ಜೀವಮಾನದ ಆಯಿಲ್, ಬದಲಿಸುವುದೇ ಬೇಡ’ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಿಸಲು ಸಲಹೆ ಮಾಡುತ್ತದೆ.

ನಮ್ಮ ಗಾಡಿಗೆ ಹೊಸ ಸೀಲ್ ಹಾಕಿ, ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲ್ ತುಂಬಿದರು. ಡ್ರೈನ್ ಪ್ಲಗ್ ಬಿಚ್ಚಿದಾಗ ಹಳೆಯ ಆಯಿಲ್ ಪೂರ್ತಿ ಇಳಿಯುವುದಿಲ್ಲ, ಕನ್ವರ್ಟರಿನಲ್ಲಿ ಬಹಳಷ್ಟು ಉಳಿದುಬಿಡುತ್ತದೆ. ಹಾಗಾಗಿ ನಡುವೆ ಗಾಡಿ ಓಡಿಸಿ, ಮತ್ತೆ ಮತ್ತೆ ಇಳಿಸಿ ತುಂಬಬೇಕಾಯಿತು. ಕೊನೆಗೆ ಕಂಪ್ಯೂಟರ್ ಕಲಿತಿಟ್ಟುಕೊಂಡಿದ್ದ ಹಳೆಯ ಲೆಕ್ಕಗಳನ್ನು ಅಳಿಸಿ ಹೊಸದಾಗಿ ಕಲಿಸಿದರು. ಜರ್ಕ್ ಹೋಯಿತು, ನಡುಕವೂ ಕ್ರಮೇಣ ನಿಂತಿತು. ನೀವೂ ಆಯಿಲ್ ಹಾಕಿಸುವಾಗ ಸೀಲ್ ಒಡೆಯದ ಡಬ್ಬಿಯನ್ನು ಎದುರಿಗೇ ತೆರೆಸಿ, ಅದರ ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇಂಜಿನ್ ಆರ್‌ಪಿಎಂ ಏರಿದರೂ ಗಾಡಿ ವೇಗ ಪಡೆಯದಿದ್ದರೆ ಅಥವಾ ನೆಲದ ಮೇಲೆ ಕೆಂಪು ಆಯಿಲ್ ಕಂಡರೆ ಮುಂದೆ ಓಡಿಸಬೇಡಿ. ಮೊದಲ ಗ್ಯಾರೇಜಿನವರು ಗಾಡಿಯನ್ನು ಹಗ್ಗ ಕಟ್ಟಿ ಎಳೆದೊಯ್ಯಬಹುದು ಎಂದೂ ಹೇಳಿದ್ದರು. ಇಂಜಿನ್ ನಿಂತಾಗ ಗೇರ್‌ಬಾಕ್ಸಿನ ಪಂಪ್ ಕೂಡ ನಿಲ್ಲುತ್ತದೆ. ಶಕ್ತಿ ಪಡೆಯುವ ಚಕ್ರಗಳು ನೆಲದ ಮೇಲೆ ಉರುಳುತ್ತಿದ್ದರೆ ಒಳಗಿನ ಭಾಗಗಳು ಆಯಿಲ್ ಇಲ್ಲದೆ ತಿರುಗಿ ಸುಡುತ್ತವೆ. ಆದ್ದರಿಂದ ನಾಲ್ಕೂ ಚಕ್ರಗಳನ್ನು ಮೇಲೇರಿಸಿಕೊಳ್ಳುವ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಿ.