ಪ್ರಾಜೆಕ್ಟ್‌ಗೆ ಗ್ರಾಂಟ್ ಕೊಡುತ್ತೇವೆ ಅನ್ನುವ ಆ ಪಿಡಿಎಫ್ ನಿಮಗೂ ಬಂದಿದೆಯಾ?

ಮೊನ್ನೆ ಜೂನಿಯರ್ ಒಬ್ಬಳು ಪಿಡಿಎಫ್ ಕಳಿಸಿ, "ಅಕ್ಕಾ, ಇದಕ್ಕೆ ಅರ್ಜಿ ಹಾಕ್ಲಾ?" ಅಂತ ಕೇಳಿದಳು. ತೆರೆದು ನೋಡಿ ಕೈ ನಡುಗಿತು. ಹೋದ ವರ್ಷ ನನ್ನಿಂದ 11,500 ರೂಪಾಯಿ ಕಿತ್ತುಕೊಂಡ ಅದೇ ಪಿಡಿಎಫ್. ತಾರೀಖು ಮಾತ್ರ ಹೊಸದು.

ನಾನು ಗಂಗಾವತಿ ಕಡೆಯವಳು, ಆಗ ಸಿವಿಲ್ ಫೈನಲ್ ಇಯರ್. ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತ ನಮಗೆಲ್ಲ ಗೊತ್ತು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಬಾರದು, ಕಂದು ಬಣ್ಣಕ್ಕೆ ತಿರುಗಿದ ಮಕ್ಕಳ ಹಲ್ಲು ನೋಡುತ್ತಲೇ ಬೆಳೆದವರು ನಾವು. ಇತ್ತ ನಮ್ಮೂರ ಅಕ್ಕಿ ಮಿಲ್‌ಗಳಲ್ಲಿ ಭತ್ತದ ಹೊಟ್ಟು ಸುಟ್ಟ ಬೂದಿ ರಾಶಿ ರಾಶಿ ಬಿದ್ದಿರುತ್ತದೆ. ಅದಕ್ಕೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಲೇಪಿಸಿದರೆ ಎಷ್ಟು ಫ್ಲೋರೈಡ್ ಹಿಡಿಯುತ್ತದೆ ಅಂತ ನೋಡುವುದು ನಮ್ಮ ನಾಲ್ವರ ಪ್ರಾಜೆಕ್ಟ್. ಬೂದಿ ಪುಕ್ಕಟೆ. ಆದರೆ ನೀರಿನ ಟೆಸ್ಟು, ಕೆಮಿಕಲ್ಲು, ಹಳ್ಳಿ ಓಡಾಟ ಪುಕ್ಕಟೆ ಅಲ್ಲವಲ್ಲ.

ಆಗ ಗ್ರೂಪಿಗೆ ಬಂತು ಈ ಪಿಡಿಎಫ್. ಯಾವುದೋ ಟ್ರಸ್ಟ್, 60,000 ಗ್ರಾಂಟ್. ಮೂರೇ ದಿನಕ್ಕೆ "ಆಯ್ಕೆಯಾಗಿದ್ದೀರಿ" ಅಂತ ಸೀಲು ಹಾಕಿದ ಪತ್ರ. ನಮ್ಮ ಸಿನಾಪ್ಸಿಸ್ ಬಗ್ಗೆ ಒಂದು ಪ್ರಶ್ನೆಯೂ ಕೇಳಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಮೊದಲು ಪ್ರೊಸೆಸಿಂಗ್ ಫೀ 1,500. ಆಮೇಲೆ ಅಗ್ರಿಮೆಂಟ್‌ಗೆ 3,000. ಕೊನೆಗೆ, "ಟಿಡಿಎಸ್ ಮೊದಲೇ ಕಟ್ಟಬೇಕು, ಗ್ರಾಂಟ್ ಜೊತೆ ವಾಪಸ್ ಬರುತ್ತೆ" ಅಂತ 7,000. ಟಿಡಿಎಸ್ ಅಂದರೆ ದುಡ್ಡು ಕೊಡುವವರು ಅದರಲ್ಲೇ ಹಿಡಿದುಕೊಳ್ಳುವುದು, ಪಡೆಯುವವರು ಮುಂಚೆ ಕಟ್ಟುವುದಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ. ಆ 7,000 ಅವ್ವ ಮಹಿಳಾ ಸಂಘದಲ್ಲಿ ಸಾಲ ಎತ್ತಿ ಕೊಟ್ಟಿದ್ದು. ಮೂರು ಸಲವೂ ದುಡ್ಡು ಹೋಗಿದ್ದು ಯಾರೋ ಒಬ್ಬರ ಸ್ವಂತ ಹೆಸರಿನ ಫೋನ್‌ಪೇಗೆ.

ಇದಕ್ಕಿಂತ ಜಾಸ್ತಿ ನೋವು ಇನ್ನೊಂದಿದೆ. ಅದೇ ಹೊತ್ತಿಗೆ ಗೈಡ್ ಸರ್, ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಅಂದರೆ ಕೆಎಸ್‌ಸಿಎಸ್‌ಟಿಗೆ ಹಾಕೋಣ ಅಂದಿದ್ದರು. "ಬೇಡ ಸರ್, ಬೇರೆ ಕಡೆ ಸಿಕ್ಕಿದೆ" ಅಂದೆವು. ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್‌ಗೆ ದಶಕಗಳಿಂದ ನೆರವು ಕೊಡುತ್ತಿರುವ ರಾಜ್ಯದ ಮಂಡಳಿ ಅದು. ಗೈಡ್ ಮತ್ತು ಪ್ರಿನ್ಸಿಪಾಲರ ಸಹಿ ಇಲ್ಲದೆ ಅರ್ಜಿ ಹೋಗುವುದಿಲ್ಲ, ಮಂಜೂರಾದ ದುಡ್ಡು ಕಾಲೇಜಿಗೆ ಬರುತ್ತದೆ, ಖರ್ಚಿನ ಲೆಕ್ಕ ಒಪ್ಪಿಸಬೇಕು. ನಿಧಾನ, ಮೊತ್ತವೂ ದೊಡ್ಡದಲ್ಲ, ಆದರೆ ನಿಜವಾದ ದುಡ್ಡು. ಎಲ್ಲಾದರೂ ಅರ್ಜಿ ಶುಲ್ಕ ಇದ್ದರೆ ಅದು ಸಂಸ್ಥೆಯ ಖಾತೆಗೆ, ಕಾಲೇಜಿಗೆ ಗೊತ್ತಿದ್ದೇ ಹೋಗಬೇಕು. ಮೋಸ ಹೋದೆವು ಅಂತ ನಾವು ಸರ್‌ಗೆ ಹೇಳುವ ಹೊತ್ತಿಗೆ ಕೊನೆಯ ದಿನಾಂಕ ಮುಗಿದಿತ್ತು. ನಲವತ್ತು ಬೋರ್‌ವೆಲ್ ಅಂದುಕೊಂಡಿದ್ದ ಕೆಲಸ ಒಂಬತ್ತಕ್ಕೆ ನಿಂತಿತು.

ಈಗಾಗಲೇ ದುಡ್ಡು ಹಾಕಿದ್ದರೆ ಈ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಬೇಗ ಹೇಳಿದರೆ ಆ ಖಾತೆಯಲ್ಲಿ ದುಡ್ಡು ತಡೆಹಿಡಿಯಲು ಆಗುತ್ತದೆ. ಮನೆಯಲ್ಲಿ ಬೈಯುತ್ತಾರೆ ಅಂತ ನಾನು ಹನ್ನೊಂದು ದಿನ ಸುಮ್ನಿದ್ದೆ. ಅಷ್ಟರಲ್ಲಿ ಅದರಲ್ಲಿ ಏನೂ ಉಳಿದಿರಲಿಲ್ಲ.