ಟ್ರಿಪ್ ಕಾರ್ಡ್: ಹಳೇ ಅನಲಾಗೋ, ಹೊಸ ಡಿಜಿಟಲ್ಲೋ?

ಮೊದಲೇ ಹೇಳಿಬಿಡ್ತೀನಿ, ನಾನು ಅನಲಾಗ್ ಪಕ್ಷ. ಪರಮಾಣು ಸ್ಥಾವರದ ಇನ್‌ಸ್ಟ್ರುಮೆಂಟ್ ಮೆಂಟೆನೆನ್ಸ್‌ನಲ್ಲಿ ಎರಡರ ಜೊತೆಗೂ ಏಗಿದವನು. ಅಳತೆ ಮಿತಿ ಮೀರಿದರೆ ರಿಯಾಕ್ಟರ್ ನಿಲ್ಲಿಸುವ ಸರ್ಕ್ಯೂಟ್ ಬೋರ್ಡ್‌ಗಳ, ಅಂದರೆ ಟ್ರಿಪ್ ಕಾರ್ಡ್‌ಗಳ ಮಾತಷ್ಟೇ ಇದು.

ಅನಲಾಗ್ ಕಾರ್ಡ್ ಟೆಸ್ಟ್ ಮಾಡೋದು ನೆಮ್ಮದಿಯ ಕೆಲಸ. ಕರೆಂಟ್ ಸೋರ್ಸ್ ಜೋಡಿಸಿ 4 ಮಿಲಿಆಂಪ್‌ನಿಂದ ನಿಧಾನಕ್ಕೆ ಏರಿಸ್ತಾ ಹೋದರೆ, ಸೆಟ್‌ಪಾಯಿಂಟ್ (ಟ್ರಿಪ್ ಆಗಬೇಕಾದ ಮಿತಿ) ಮುಟ್ಟಿದ ಕೂಡಲೇ ರಿಲೇ ಟಕ್ ಅನ್ನುತ್ತೆ. ಚೂರು ಸರಿದಿದ್ದರೆ ಟ್ರಿಮ್‌ಪಾಟ್ ಅನ್ನೋ ಹೊಂದಾಣಿಕೆ ತಿರುಪು ಕಾಲು ಸುತ್ತು ತಿರುಗಿಸಿ, ಒಂದು ತೊಟ್ಟು ಬಣ್ಣ ಇಟ್ಟು ಸೀಲ್. ಸರಿಯಿದ್ದ ಸಿಗ್ನಲ್ 4ಕ್ಕಿಂತ ಕೆಳಗಿಳಿಯಲ್ಲ, ಹಾಗಾಗಿ ವೈರ್ ಕಿತ್ತುಹೋದರೂ ಕರೆಂಟ್ 4ಕ್ಕಿಂತ ಕೆಳಗೆ ಬಿದ್ದು ಸಿಕ್ಕಿಬೀಳುತ್ತೆ.

ಡಿಜಿಟಲ್ ನನ್ನನ್ನು ಸತಾಯಿಸಿದ್ದು ಒಂದೇ ಒಂದು ಅಕ್ಷರಕ್ಕೆ. ಒಂದೇ ಅಳತೆಯನ್ನು ಬೇರೆಬೇರೆಯಾಗಿ ಕಾಯುವ ಮೂರು ಚಾನೆಲ್‌ಗಳಲ್ಲಿ ಒಂದರ ಪ್ರೊಸೆಸರ್ ಕಾರ್ಡ್ ಕೆಟ್ಟಿತು. ಸ್ಟೋರ್ಸ್‌ನಲ್ಲಿ ಸ್ಪೇರ್ ಇತ್ತು, ಪಾರ್ಟ್ ನಂಬರೂ ಅದೇ. ಹಾಕುವ ಮುಂಚೆ ಟಾರ್ಚ್ ಬಿಟ್ಟು ನೋಡಿದರೆ ಚಿಪ್ ಮೇಲಿನ ಸ್ಟಿಕ್ಕರ್‌ನಲ್ಲಿ ರಿವಿಶನ್ ‘ಬಿ’ ಬದಲು ‘ಸಿ’. ನಮಗೆ ಅನುಮತಿ ಇದ್ದದ್ದು ‘ಬಿ’ಗೆ. ಏನು ಬದಲಾಗಿದೆ ಅಂತ ಸಪ್ಲೈಯರ್‌ಗೆ ಬರೆದರೆ ‘ಸಣ್ಣ ಸುಧಾರಣೆ’ ಅಂತ ಒಂದು ಸಾಲಿನ ಉತ್ತರ. ಎಷ್ಟು ಸಣ್ಣದು ಅಂತ ತಿಳಿಯದೆ ಅದಕ್ಕೆ ಯಾರೂ ಸಹಿ ಹಾಕಲ್ಲ, ಹಾಕಲೂಬಾರದು.

ಅಲ್ಲಿಗೆ ಚಾನೆಲ್ ಟ್ರಿಪ್ ಸ್ಥಿತಿಯಲ್ಲೇ ಕೂತಿತು. ನಮ್ಮದು ಮೂರರಲ್ಲಿ ಎರಡು ವೋಟ್ ಬಿದ್ದರೆ ರಿಯಾಕ್ಟರ್ ನಿಲ್ಲುವ ಲಾಜಿಕ್. ಒಂದು ವೋಟ್ ಆಗಲೇ ಬಿದ್ದಿದೆ. ಉಳಿದೆರಡರಲ್ಲಿ ಒಂದಕ್ಕೆ ಸೀನು ಬಂದರೂ ಸ್ಥಾವರ ಬಂದ್. ಇನ್ನೊಂದು ಸ್ಥಾವರದ ಸ್ಟೋರ್ಸ್‌ನಿಂದ ‘ಬಿ’ ಕಾರ್ಡ್ ಬರುವಷ್ಟರಲ್ಲಿ ಹನ್ನೊಂದು ದಿನ. ಅಲ್ಲಿಯವರೆಗೆ ಆ ಪ್ಯಾನೆಲ್ ಮುಂದೆ ಕಸ ಗುಡಿಸುವವರೂ ತುದಿಗಾಲಲ್ಲೇ ಓಡಾಡಿದರು.

ಇನ್ನೊಂದು ಭಯ, ಮೂರೂ ಚಾನೆಲ್‌ನಲ್ಲಿ ಓಡೋದು ಅದೇ ಪ್ರೋಗ್ರಾಂ. ಒಬ್ಬರೇ ಹೇಳಿಕೊಟ್ಟು ಕರೆತಂದ ಮೂವರು ಸಾಕ್ಷಿಗಳ ಹಾಗೆ. ತಪ್ಪಿದ್ದರೆ ಮೂವರದ್ದೂ ಒಂದೇ ತಪ್ಪು. 1995ರಲ್ಲಿ ಶುರುವಾದ ಇಂಗ್ಲೆಂಡಿನ ಸೈಜ್‌ವೆಲ್ ಬಿ ಪರಮಾಣು ಸ್ಥಾವರದಲ್ಲಿ ಕಂಪ್ಯೂಟರ್ ರಕ್ಷಣೆಯ ಬೆನ್ನಿಗೆ, ಸಾಫ್ಟ್‌ವೇರೇ ಇಲ್ಲದ ಮ್ಯಾಗ್ನೆಟಿಕ್ ಲಾಜಿಕ್ಕಿನ ಎರಡನೇ ವ್ಯವಸ್ಥೆ ಇಟ್ಟಿದ್ದು ಇದೇ ಅನುಮಾನಕ್ಕೆ. 2003ರ ಜನವರಿಯಲ್ಲಿ ಅಮೆರಿಕದ ಡೇವಿಸ್-ಬೆಸ್ ಸ್ಥಾವರಕ್ಕೆ ಸ್ಲ್ಯಾಮರ್ ಅನ್ನೋ ಕಂಪ್ಯೂಟರ್ ವರ್ಮ್ (ತಾನೇ ಹರಡುವ ಕೆಟ್ಟ ಪ್ರೋಗ್ರಾಂ) ಹೊಕ್ಕಾಗ ಸುರಕ್ಷತಾ ಅಳತೆ ತೋರಿಸುವ ಕಂಪ್ಯೂಟರ್ ಡಿಸ್‌ಪ್ಲೇ ಸುಮಾರು 5 ಗಂಟೆ ಸತ್ತುಬಿದ್ದಿತ್ತು. ಪುಣ್ಯಕ್ಕೆ ಸ್ಥಾವರ ಆಗ ಓಡುತ್ತಿರಲಿಲ್ಲ. ಅನಲಾಗ್ ಮೀಟರ್‌ಗಳಿಗೆ ವರ್ಮ್ ಬಂದದ್ದೇ ಗೊತ್ತಿಲ್ಲ.

ಡಿಜಿಟಲ್‌ನ ಒಳ್ಳೇದೂ ಹೇಳಬೇಕಲ್ಲ. ಸೆಟ್‌ಪಾಯಿಂಟ್ ಜಾರಲ್ಲ. ತನ್ನ ಕಾಯಿಲೆ ತಾನೇ ಹೇಳಿಕೊಳ್ಳುತ್ತೆ. ಟ್ರಿಪ್ ಆದಮೇಲೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದಕ್ಕೆ ಮಿಲಿಸೆಕೆಂಡ್ ಲೆಕ್ಕ ಕೊಡುತ್ತೆ.

ಅನಲಾಗ್‌ನ ಕಷ್ಟ ಅಂದರೆ ಕೆಪಾಸಿಟರ್ ಒಣಗುತ್ತೆ, ಸ್ಪೇರ್ ತಯಾರಿಸುವವರು ಅಂಗಡಿ ಮುಚ್ಚಿದ್ದಾರೆ.

ಆದರೂ ಟ್ರಿಪ್‌ಗೆ ಅನಲಾಗ್, ದಾಖಲೆಗೆ ಡಿಜಿಟಲ್, ಇದು ನನ್ನ ಆಯ್ಕೆ. ಒಂದು ಡಿಜಿಟಲ್ ರಿವಿಶನ್ ಪಾಸು ಮಾಡಿಸುವ ಖರ್ಚು ನಮ್ಮ ಸೆಕ್ಷನ್ ಬಜೆಟ್‌ಗೆ ನಿಲುಕಲ್ಲ, ನನ್ನ ಕಿವಿಗೂ ಆ ‘ಟಕ್’ ರೂಢಿಯಾಗಿದೆ. ಹೊಸ ಸ್ಥಾವರ ಕಟ್ಟುವವರಿಗೆ ಈ ಶೋಕಿ ಕಷ್ಟವೇ. ನನಗೆ ಮಾತ್ರ ರಿಟೈರ್ ಆಗೋವರೆಗೆ ಸಾಲುವಷ್ಟು ರಿಲೇ ಸ್ಟೋರ್ಸ್‌ನ ಮೂರನೇ ಬೀರುವಿನಲ್ಲಿದೆ, ಎಣಿಸಿ ನೋಡಿದ್ದೇನೆ.